ಗೆರಿ ಬಿದ್ದ ಹಸಿರು ಸೀರಿ

ಅಣ್ಣಾ,

ನೀ ರಬಕವಿಯಿಂದ ನೂಲು ತರೂತನಕ ಪುಣೆ ಬಸ್ಸು ನಿಲ್ಲಂಗಿಲ್ಲ, ಅದಕ್ಕ ಬರದಿಟ್ಟು ಹೊಂಟೇನಿ. ಖರೆ ಹೇಳಬೇಕಂದ್ರ, ನೀ ಎದುರಿಗಿದ್ರ ಇದನ್ನ ಹೇಳಾಕ ನನಗ ಧೈರ್ಯ ಬರ್ತಿರಲಿಲ್ಲ.

ಅವ್ವನ ಬಿ.ಪಿ. ಗುಳಿಗಿ ಗಡಿಯಾರದ ಹಿಂದ ಐತಿ. ಊಟ ಆದಮ್ಯಾಲ ನೀನ ಕೈಯಾರೆ ಕೊಡು. ತಾನ ತಗೋತೇನಿ ಅಂತಾಳ, ತಗೊಳ್ಳಂಗಿಲ್ಲ.

ಹೋದ ತಿಂಗಳು ಮಧ್ಯಾಹ್ನದಾಗ ನಾಕೂ ಮಗ್ಗ ಒಮ್ಮೆಲೆ ನಿಂತಿದ್ವಲ್ಲ, ಅವತ್ತು ಕರೆಂಟ್ ಹೋಗಿರಲಿಲ್ಲ. ಮೇನ್ ಸ್ವಿಚ್ ನಾನ ಆಫ್ ಮಾಡಿದ್ದೆ. ಮೊದಲನೇ ಕಂಪನಿಯವರು ಮಗ್ಗದ ಸಪ್ಪಳದಾಗ ಫೋನಿನ್ಯಾಗ ನನ್ನ ಮಾತು ಕೇಳಸದ ಇಂಟರ್‌ವ್ಯೂ ಅರ್ಧಕ್ಕ ಬಿಟ್ಟಿದ್ರು. ಅವತ್ತು ಪುಣೆ ಕಂಪನಿ ಇಂಟರ್‌ವ್ಯೂ ಇತ್ತು, ಆ ಕೆಲಸಾನೂ ಹಂಗ ಹೋಗಬಾರದಂತ ಮಾಡಿದೆ. ನೀ ಲೈನ್‌ಮನ್ ಅಪ್ಪಾಸಾಬ ಕಾಕಾಗ ಓಣಿ ಮಂದಿ ಮುಂದ ಬಾಯಿಗೆ ಬಂದಂಗ ಬೈದಿ. ನಾ ಬಾಗಿಲ ಹಿಂದ ನಿಂತು ಕೇಳಿದೆ, ಹೊರಗ ಬರಲಿಲ್ಲ. ಅವತ್ತಿಂದ ಅವರು ನಮ್ಮನಿ ಚಾ ಕುಡದಿಲ್ಲ. ಇವತ್ತ ಹೋಗಿ ಕರಕೊಂಡು ಬಾ.

ಮಂದಿ ಮಾಡಿದ ಸಾಫ್ಟ್‌ವೇರಿನಾಗ ತಪ್ಪು ಹುಡುಕೂದ ಇನ್ನ ನನ್ನ ಕೆಲಸ. ನನ್ನ ತಪ್ಪು ಹೇಳಾಕ ಮಾತ್ರ ತಿಂಗಳು ಬೇಕಾತು.

ಸಿಟ್ಟು ಬಂದ್ರ ಫೋನ್ ಮಾಡಿ ನನಗ ಬೈ. ಹೇಣ್ತಿ ಅಂತ ವೈನಿ ಮ್ಯಾಲ ಹರಿಹಾಯಬ್ಯಾಡ, ಆಕಿಗೆ ಏನೂ ಗೊತ್ತಿಲ್ಲ.

ಅವತ್ತು ಮಗ್ಗ ನಿಂತದ್ದಕ್ಕ ಗೆರಿ ಬಿದ್ದು, ಸಾವಕಾರ ಒಲ್ಲೆ ಅಂದ ಹಸಿರು ಸೀರಿನ ವೈನಿ ಹಬ್ಬಕ್ಕ ಉಟ್ಟಿದ್ಲು. ಅದನ್ನ ನಾ ಒಯ್ಯಾಕತ್ತೇನಿ. ನೀ ನನಗ ಕೊಡಿಸಿದ ಹೊಸಾ ಸೀರಿ ಆಕಿ ಟ್ರಂಕಿನ್ಯಾಗ ಇಟ್ಟೇನಿ. ಕೆಲಸಕ್ಕ ಹೋಗೂ ಮೊದಲನೇ ದಿನ ಹಸಿರು ಸೀರಿನ ಉಡ್ತೇನಿ. ಗೆರಿ ಎದ್ದು ಕಾಣ್ತೈತಿ.

ಕಾಣಲಿ.

ಸೌಂದರ್ಯಾ