ಖಾಲಿ ಗೋರಿಗೆ ಕೈಮುಗಿದವನು

ಹಾಂಗ್‌ಕಾಂಗ್, ೧೯೩೭
ಗೋರಿಹಬ್ಬದ ಮಾರನೇ ದಿನ

ಅಕ್ಕಾ, ಇವತ್ತಿನವರೆಗೆ ಕ್ಷೇಮ. ಈ ಕಾರ್ಡು ಅಂಚೆಗೆ ಹಾಕದೆ ದೋಣಿ ಮಾವನ ಕೈಲಿ ಕಳಿಸಿದ್ದೇನೆ. ಓದಿ ಒಲೆಗೆ ಹಾಕು.

ಜಪಾನಿನವರು ಬಂದರಿಗೆ ಗುಡ್ಡದ ಕಡೆಯಿಂದ ನುಗ್ಗಿದರೆ ತಡೆಯೋದಕ್ಕೆ ಎಲ್ಲೆಲ್ಲಿ ಮೆಷಿನ್‌ಗನ್ ಇಡಬೇಕು ಅಂತ ಇಂಗ್ಲಿಷ್ ದೊರೆಗಳು ನಕ್ಷೆ ನೋಡಿ ತೋರಿಸ್ತಾರೆ. ಅಲ್ಲಿ ಕೆಂಪು ಗೂಟ ಹೊಡೆಯೋದು ನನ್ನ ಕೆಲಸ. ಭಾರೀ ಗುಟ್ಟಂತೆ. ಆದರೆ ದೊರೆಗಳಿಗೆ ನಮ್ಮ ಹಬ್ಬ ಗೊತ್ತಿಲ್ಲ. ನಿನ್ನೆ ಪೇಟೆಗೆ ಪೇಟೆಯೇ ಹುರಿದ ಹಂದಿ ಹೊತ್ತು ಗುಡ್ಡದ ಗೋರಿಗಳಿಗೆ ಬಂತು, ನಮ್ಮ ಗೂಟಕ್ಕೆ ಟೋಪಿ ನೇತುಹಾಕಿ ಉಂಡಿತು.

ರೇಷ್ಮೆ ನಿಲುವಂಗಿಯವನೊಬ್ಬ ಒಂದು ಗೋರಿಗೆ ಊದುಬತ್ತಿ ಹಚ್ಚಿ ಮೂರು ಸಲ ಬಾಗಿದ. ಆಮೇಲೆ ಅಲ್ಲಿಂದ ಒಂದೊಂದು ಗೂಟದವರೆಗೂ ಹೆಜ್ಜೆ ಎಣಿಸಿದ. "ಯಾರ ಗೋರಿ ಸ್ವಾಮಿ?" ಅಂದೆ. "ನಮ್ಮಪ್ಪ ಮಲಗಿದ್ದಾರೆ" ಅಂದ. ಅಕ್ಕಾ, ಗನ್ನಿಗೆ ಜಾಗ ಬೇಕು ಅಂತ ಅದರೊಳಗಿನ ಮೂಳೆಯನ್ನೆಲ್ಲ ಆರು ತಿಂಗಳ ಹಿಂದೆ ಅಗೆದು ಜಾಡಿಗೆ ತುಂಬಿ ಮನೆಯವರಿಗೆ ಒಪ್ಪಿಸಿದ್ದು ನಾನೇ. ಅಲ್ಲೀಗ ಒಂದು ಹಲ್ಲೂ ಇಲ್ಲ.

ಮೇಸ್ತ್ರಿ ಲಾವ್ ಹತ್ರ ಓಡಿ, ಗೋರಿ ಪೂಜೆಗೆ ಬಂದವನೊಬ್ಬ ಗೂಟಗಳಿಗೆ ಹೆಜ್ಜೆ ಎಣಿಸ್ತಿದಾನೆ ಅಂದೆ. "ಯಾರೋ ಖಾಲಿ ಗೋರಿಗೆ ಕೈಮುಗಿದರೆ ನಿನ್ನ ಗಂಟೇನು ಹೋಯ್ತೋ ಪುಕ್ಕಲಾ?" ಅಂತ ನಕ್ಕ. ಗೋರಿ ಖಾಲಿ ಅಂತ ನಾನಿನ್ನೂ ಹೇಳೇ ಇರಲಿಲ್ಲ!

ದೊರೆಗೆ ಹೇಳೋಣ ಅಂದರೆ ನಮ್ಮ ಮಾತನ್ನ ಅವರಿಗೆ ತಿಳಿಸೋನೂ ಲಾವ್‌ನೇ. ಸಂಜೆ ಅವನು ಎಂದೂ ಇಲ್ಲದ ಅಕ್ಕರೆಯಿಂದ "ನಿಂದು ಯಾವೂರಪ್ಪಾ, ಮನೇಲಿ ಯಾರ‍್ಯಾರಿದಾರೆ?" ಅಂದ. ಸುಳ್ಳು ಹೇಳಿದೆ. ಯಾರಾದರೂ ಹುಡುಕಿಕೊಂಡು ಬಂದರೆ ನನಗೆ ತಮ್ಮನೇ ಇಲ್ಲ ಅನ್ನು.

ಯಿಂಗ್