ಜಗಲಿಯ ಮುಂದಿನ ತಿರುವು

ಪುರಸಭೆ ಕಚೇರಿಯ ಹಿಂದಿನ ಕೋಣೆ
ಮೇ ೧೪, ಸೋಮವಾರ

ಪ್ರೀತಿಯ ಅಮ್ಮ,

ಪ್ರೀತಿಯ ಎಂದು ಬರೆಯಬೇಕೋ, ಮಾನ್ಯ ಸದಸ್ಯರೇ ಎಂದು ಬರೆಯಬೇಕೋ ಎಂದು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಬಹಳ ಹೊತ್ತು ಕೂತಿದ್ದೆ. ಎರಡು ಬೀದಿ ಆಚೆಗಿರುವ ತಾಯಿಗೆ ಕಾಗದ ಬರೆಯುವ ಮಗಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಮನೆಗೆ ಬಂದರೆ "ಇಂಜಿನಿಯರಮ್ಮ ಬಂದಿದಾರೆ, ಕುರ್ಚಿ ಹಾಕ್ರೀ" ಅಂತ ಯಾರೂ ಇಲ್ಲದ ಮನೆಯೊಳಕ್ಕೆ ಕೂಗಿ ಹೇಳುತ್ತೀಯ. ಅದಕ್ಕೇ ಇದನ್ನು ಹಾಲಿನವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಓದುವುದಿಲ್ಲ ಎಂದು ಅವಳು ಆಣೆ ಮಾಡಿದ್ದಾಳೆ. ಓದಿದರೂ ಓದಲಿ, ಇದೇನು ಊರಿಗೆ ಗೊತ್ತಿಲ್ಲದ ಜಗಳವೇ?

ಕ್ಷಮೆ ಕೇಳಲು ಬರೆದಿದ್ದಾಳೆ ಎಂದುಕೊಂಡು ಕನ್ನಡಕ ಹಾಕಿಕೊಂಡಿದ್ದರೆ ಈಗಲೇ ತೆಗೆದಿಡು. ಮಳೆನೀರಿನ ಯೋಜನೆಯನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಗುರುವಾರ ಅದು ಪೂರ್ತಿಯಾಗಿಯೇ ಸಭೆಗೆ ಬರುತ್ತದೆ. ನಿನ್ನ ಚಪ್ಪಡಿ ದಾರಿಯನ್ನು ಒಡೆದು, ಅದರ ಕೆಳಗಿನ ದೊಡ್ಡ ಕಾಲುವೆಯನ್ನು ತೆರೆಯಬೇಕು ಎನ್ನುವ ಪುಟವೂ ಅದರಲ್ಲಿರುತ್ತದೆ.

ಆವತ್ತು ಊರವರ ಅಹವಾಲಿನ ದಿನ ನೀನು ಎದ್ದು ನಿಂತು, "ನಿನ್ನೆ ಮೊನ್ನೆ ಬಂದ ಮಕ್ಳಿಗೆ ಅಗೆಯೋದೊಂದೇ ಗೊತ್ತು. ಕಟ್ಟಿದೋರ ಕಷ್ಟ ಕಟ್ಟಿದೋರಿಗೇ ಗೊತ್ತು" ಅಂದೆ. ಜನ ಚಪ್ಪಾಳೆ ಹೊಡೆದರು. ಗೋಡೆಗೆ ಅಂಟಿಸಿದ್ದ ನನ್ನ ನಕ್ಷೆಯ ಒಂದು ಮೂಲೆ ಫ್ಯಾನಿನ ಗಾಳಿಗೆ ಬಿಚ್ಚಿಕೊಂಡು ಪಟಪಟ ಹೊಡೆದುಕೊಂಡಿತು, ಅದೂ ನಿನ್ನ ಪಕ್ಷ ಸೇರಿದ ಹಾಗೆ. ಆಗ ನಾನು "ಮಾಜಿ ಅಧ್ಯಕ್ಷರು ಕೂತ್ಕೊಂಡ್ರೆ ಉತ್ತರ ಕೊಡ್ತೀನಿ" ಅಂದೆ. ನಿನಗೆ ಚುಚ್ಚಿದ್ದು ಆ 'ಮಾಜಿ' ಎಂದು ಹಾಲಿನವಳು ಹೇಳಿದಳು. ಅಮ್ಮ, ನೀನು ಮಾಜಿಯೇ ಅಲ್ಲವೇ? ಅದಕ್ಕೆಲ್ಲ ಮಾತು ಬಿಡುತ್ತಾರೆಯೇ?

ಈಗಿನ ಅಧ್ಯಕ್ಷರಿಗಂತೂ ಈ ಕೆಲಸವೇ ದಂಡ. "ಇಷ್ಟು ಚಿಕ್ಕ ಊರಿಗೆ ಯೋಜನೆ ಯಾಕ್ರೀ? ಮಳೆ ಬರುತ್ತೆ, ಹೋಗುತ್ತೆ" ಎನ್ನುತ್ತಾರೆ. ಬರುತ್ತದೆ, ನಿಜ. ಹೋಗುವುದಿಲ್ಲ, ಅದೇ ತಾಪತ್ರಯ. ಮೇಲಿನವರು ಪ್ರತಿ ಊರೂ ಬರೆದು ಕೊಡಲೇಬೇಕು ಎಂದು ಅಪ್ಪಣೆ ಮಾಡಿರುವುದರಿಂದ ನನ್ನನ್ನು ನೇಮಿಸಿಕೊಂಡರು. ಒಂದು ಒಳ್ಳೆಯ ರಟ್ಟು ಹಾಕಿಸಿ ಕಪಾಟಿನಲ್ಲಿಡುವಂಥದ್ದನ್ನು ಬರೆದುಕೊಟ್ಟು ಹೋಗುತ್ತಾಳೆ ಎಂದುಕೊಂಡಿದ್ದರು. ನಾನು ಗಮ್‌ಬೂಟು ಹಾಕಿಕೊಂಡು ಒಂದೊಂದು ಚರಂಡಿಗೂ ಇಳಿದಾಗ ಅವರಿಗೆ ಗಾಬರಿಯಾಯಿತು.

ಅದರಲ್ಲಿ ಏನಿದೆ ಎಂದು ನೀನು ಓದಿಯೇ ಇಲ್ಲ, ಚಪ್ಪಡಿ ದಾರಿ ಎನ್ನುವ ಶಬ್ದ ಕಂಡ ಕೂಡಲೇ ಮಡಚಿಟ್ಟೆಯಂತೆ. ಆದ್ದರಿಂದ ಹೇಳುತ್ತೇನೆ. ಹೂಳನ್ನು ಮಳೆ ಬಂದು ಹೋದ ಮೇಲಲ್ಲ, ಬರುವ ಮುಂಚೆ ಎತ್ತಬೇಕು. ಬಚ್ಚಲು ನೀರಿನ ಕೊಳವೆಗಳನ್ನು ಮಳೆಚರಂಡಿಯಿಂದ ಬಿಡಿಸಬೇಕು. ಗುಡ್ಡದ ಮೇಲೆ ಹೊಸ ಮನೆ ಕಟ್ಟುವವರು ತಮ್ಮ ಮಾಡಿನ ನೀರನ್ನು ತಮ್ಮ ಹಿತ್ತಲಿನಲ್ಲೇ ಇಂಗಿಸಬೇಕು, ಕೆಳಗಿನವರ ತಲೆಗೆ ಕಟ್ಟುವಂತಿಲ್ಲ. ಶಾಲೆಯ ಆಟದ ಬಯಲನ್ನು ಸ್ವಲ್ಪ ತಗ್ಗಿಸಿದರೆ ಜೋರು ಮಳೆಯಲ್ಲಿ ನೀರು ಅಲ್ಲಿ ನಿಂತು ನಿಧಾನವಾಗಿ ಇಳಿಯುತ್ತದೆ. ಮಕ್ಕಳಿಗೆ ಎರಡು ದಿನ ಆಟ ತಪ್ಪುತ್ತದೆ, ಅಷ್ಟೆ. ಇದಕ್ಕೆಲ್ಲ ಸದಸ್ಯರು ಹೂಂ ಎಂದಿದ್ದಾರೆ. ಆದರೆ ಇದೆಲ್ಲ ಬಂದು ಸೇರುವುದು ದೊಡ್ಡ ಕಾಲುವೆಗೆ. ಗಂಟಲು ಕಟ್ಟಿದವನಿಗೆ ಎಷ್ಟು ನಾಜೂಕಾಗಿ ಬಡಿಸಿದರೇನು?

ಗಂಟಲು ಕಟ್ಟಿಸಿದವಳು ನೀನು. ಸ್ವಚ್ಛ ಪಟ್ಟಣದ ಪಾರಿತೋಷಕಕ್ಕೆ ಪರೀಕ್ಷಕರು ಬರುತ್ತಾರೆ, ತೂತು ಕಂಡಲ್ಲೆಲ್ಲ ಅಂಕ ಕಳೆಯುತ್ತಾರೆ ಎಂದು ಯಾರೋ ನಿನ್ನ ಕಿವಿಯಲ್ಲಿ ಊದಿದರು. ಕಾಲುವೆಯ ಮೇಲೆ ಹಾಸಿದ್ದ ಚಪ್ಪಡಿಗಳ ಸಂದಿಗೆ ಸಿಮೆಂಟು ಬಿತ್ತು. ಬೀದಿಯ ನೀರು ಒಳಗಿಳಿಯಲೆಂದೇ ಬಿಟ್ಟಿದ್ದ ಬಾಯಿಗಳಿಗೂ ಸಿಮೆಂಟು ಬಿತ್ತು. ಪರೀಕ್ಷಕರು ಹೋದ ಮೇಲೆ ತೆಗೆಸೋಣ ಎಂದರಂತೆ. ಆದರೆ ಅವರು ಮುಂದಿನ ವರ್ಷವೂ ಬರುತ್ತಾರಲ್ಲ! ಹೀಗೆ ಮಳೆನೀರು ಒಳಗೆ ಹೋಗದ ಮಳೆಕಾಲುವೆ ಇರುವ ಊರು ನಮ್ಮದಾಯಿತು. ಪಾರಿತೋಷಕ ಅಧ್ಯಕ್ಷರ ಕೋಣೆಯ ಗಾಜಿನ ಕಪಾಟಿನಲ್ಲಿದೆ, ವಾರವಾರವೂ ಒರೆಸುತ್ತಾರೆ. ಕಾಲುವೆಯನ್ನು ಮಾತ್ರ ಅಂದಿನಿಂದ ಯಾರೂ ಮುಟ್ಟಿಲ್ಲ.

ಕೆಳಗಿನ ಓಣಿಯವರು ಬಟ್ಟೆ ಚೂರು ಎಸೆಯುತ್ತಾರೆ, ಅದಕ್ಕೇ ನೀರು ನುಗ್ಗುತ್ತದೆ ಎನ್ನುವುದು ನಿಮ್ಮೆಲ್ಲರ ಹಾಡು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಟೇಪು ಟೈಲರ್ ಮನೆಗೆ ಹೋಗಿ ನೋಡು, ನಿನ್ನ ರವಿಕೆ ಹೊಲಿಯುತ್ತಿದ್ದವನೇ, ಊಟಕ್ಕೆ ಕೂತರೂ ಕೊರಳಿನಿಂದ ಅಳತೆ ಟೇಪು ತೆಗೆಯದವನು. ಮನೆಯಲ್ಲಿ ಮಕ್ಕಳ ಎತ್ತರ ಗುರುತು ಹಾಕುವ ಹಾಗೆ ಅವನು ಪ್ರತಿ ಮಳೆಗಾಲದ ನೀರಿನ ಮಟ್ಟವನ್ನು ಬಟ್ಟೆಗೆ ಗೆರೆಯೆಳೆಯುವ ಸೀಮೆಸುಣ್ಣದಿಂದ ಗೋಡೆಯ ಮೇಲೆ ಗುರುತು ಹಾಕಿದ್ದಾನೆ. ಕಳೆದ ವರ್ಷದ ಗೆರೆ ಹೊಲಿಗೆ ಯಂತ್ರದ ಚಕ್ರವನ್ನು ದಾಟಿದೆ. ಕತ್ತರಿಸಿಟ್ಟಿದ್ದ ಶಾಲೆಯ ಸಮವಸ್ತ್ರವೆಲ್ಲ ಕೆಸರಾಗಿ, ಮಕ್ಕಳು ಹಳೆಯ ಗಿಡ್ಡ ಚಡ್ಡಿಯಲ್ಲೇ ವರ್ಷ ಕಳೆದರು. "ಮಗು ಬೆಳೀತದೆ ಅಂತ ಸಂತೋಷ ಪಡ್ತೀವಿ, ಇದು ಬೆಳೀತದಲ್ಲಮ್ಮಾ" ಎಂದು ಅವನು ನಕ್ಕ. ನನಗೆ ನಗಲಾಗಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಮ್ಮ?

ಮೊನ್ನೆ ಅಧ್ಯಕ್ಷರು ನನ್ನನ್ನು ಕರೆಸಿ, ಬಾಗಿಲು ಮುಂದೆ ಮಾಡಿ, ಆ ಒಂದು ಪುಟ ತೆಗೆದುಬಿಡಿ, ನಿಮ್ಮ ಕೆಲಸ ಖಾಯಂ ಮಾಡಿಸೋ ಜವಾಬ್ದಾರಿ ನನ್ನದು ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರು. ಹಾವು ಇರುವುದು ಟೈಲರ್ ಮನೆಯಲ್ಲಿ, ಕೋಲು ಇರುವುದು ನಿಮ್ಮ ಕೈಯಲ್ಲಿ, ಮುರಿದರೆ ಮುರಿಯಲಿ ಎಂದು ಹೇಳಿ ಬಂದೆ. ಗುರುವಾರ ಯೋಜನೆ ಬಿದ್ದರೆ ನನ್ನ ಕೆಲಸವೂ ಬೀಳುತ್ತದೆ. ಈ ಕೋಣೆ ಖಾಲಿ ಮಾಡಬೇಕಾಗುತ್ತದೆ. ಮಾಡುತ್ತೇನೆ. ಒಂದು ಟ್ರಂಕು, ಒಂದು ಜೊತೆ ಗಮ್‌ಬೂಟು, ಅದೆಷ್ಟು ಹೊತ್ತಿನ ಕೆಲಸ?

ಸದಸ್ಯರು ಸರಿಸಮ ಎರಡು ಪಾಲಾಗಿದ್ದಾರೆ, ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಉಳಿದಿರುವುದು ನಿನ್ನ ಕೈ. ಅದು ಎತ್ತ ಏಳುತ್ತದೋ ಅತ್ತ ಊರಿನ ಮಳೆ ಹರಿಯುತ್ತದೆ. ಹಾಗೆಂದು ಬೇಡಿಕೊಳ್ಳಲು ಬರೆದಿಲ್ಲ. ಮಗಳೆಂದು ಕೈಯೆತ್ತಿದರೆ ನನಗೆ ಅವಮಾನ. ಮಗಳೆಂದು ಕೈ ಎತ್ತದಿದ್ದರೆ ನಿನಗೆ ಅವಮಾನ.

ಇನ್ನೊಂದು ಮಾತು. ನಾನು ಯಾರ ಮುಖವನ್ನೂ ನೋಡಿ ಗೆರೆ ಎಳೆದಿಲ್ಲ. ಡಾಕ್ಟರ ಕಾರಿನ ಶೆಡ್ಡು ಹೋಗುತ್ತದೆ. ಅಧ್ಯಕ್ಷರ ಭಾವಮೈದುನನ ಅಂಗಡಿಯ ಮೆಟ್ಟಿಲು ಹೋಗುತ್ತದೆ. ನಾನು ಚಿಕ್ಕವಳಾಗಿದ್ದಾಗ ಕೂತು ಕಥೆ ಓದುತ್ತಿದ್ದ ಗ್ರಂಥಾಲಯದ ಕಟ್ಟೆಯೂ ಹೋಗುತ್ತದೆ. ಪೆನ್ಸಿಲಿಗೆ ನೆಂಟರಿಲ್ಲ ಅಮ್ಮ. ಇದನ್ನು ನಿನ್ನಿಂದಲೇ ಕಲಿತೆ ಎಂದರೆ ನೀನು ಒಪ್ಪುವುದಿಲ್ಲ, ಆದರೂ ನೂಲಿನಂತೆ ಸೀರೆ, ತಾಯಿಯಂತೆ ಮಗಳು.

ನೀನೇ ಇಟ್ಟ ಹೆಸರಿನ,
ಮೊಂಡಿ

ತಾ.ಕ.: ನಮ್ಮ ಮನೆಯ ಜಗಲಿಯ ಚಿಂತೆ ಬೇಡ. ಕಾಲುವೆ ಅಲ್ಲಿ ಸ್ವಲ್ಪ ಬಳಸಿ ಹೋಗುತ್ತದೆ. ತಾಂತ್ರಿಕ ಕಾರಣಕ್ಕೆ.

*

ಮನೆ
ಮೇ ೧೬, ಬುಧವಾರ

ಮೊಂಡಿಗೆ,

ಆಶೀರ್ವಾದ. ತಾಯಿಯಾದ ತಪ್ಪಿಗೆ ಬರೆದದ್ದು, ಉಬ್ಬಬೇಡ.

ಕಾಗದ ತಲುಪಿತು. ಹಾಲಿನವಳು ಓದಿದ್ದಾಳೆ. ಕೊಡುವಾಗಲೇ "ಅಮ್ಮಾ, ಜಾಸ್ತಿ ಬೈಬೇಡಿ, ಪಾಪ" ಅಂದಳು. ಇನ್ನು ಮೇಲೆ ಅಂಚೆಯಲ್ಲಿ ಹಾಕು.

ಕಾಲುವೆ ಮುಚ್ಚಿಸಿದ್ದಕ್ಕೆ ನಾನು ತಲೆ ತಗ್ಗಿಸುವುದಿಲ್ಲ, ಗುರುವಾರವೂ ಇಲ್ಲ, ಚಟ್ಟದ ಮೇಲೂ ಇಲ್ಲ. ಆಗ ಮನೆಮನೆಯಲ್ಲೂ ಸೊಳ್ಳೆ ಜ್ವರ. ಆಸ್ಪತ್ರೆಯಲ್ಲಿ ಒಂದು ಮಂಚಕ್ಕೆ ಇಬ್ಬಿಬ್ಬರು ಮಕ್ಕಳು ಮಲಗಿದ್ದರು. ಅದರಲ್ಲಿ ಒಂದು ನೀನು. ಡಾಕ್ಟರು ನಿನ್ನ ಕಣ್ಣರೆಪ್ಪೆ ಎತ್ತಿ ನೋಡಿ ಪಕ್ಕದ ಮಂಚಕ್ಕೆ ಹೋದ ದಿನ, ನೀನು ಬದುಕಿದರೆ ಆ ಹಾಳು ಕಾಲುವೆಗೆ ಮುಚ್ಚಳ ಹಾಕಿಸುತ್ತೇನೆ ಎಂದುಕೊಂಡೆ. ಹಾಕಿಸಿದೆ. ಜ್ವರ ನಿಂತಿತು. ಬದುಕಿದವಳು ಇವತ್ತು ಗಮ್‌ಬೂಟು ಹಾಕಿಕೊಂಡು ಬಂದು ಮುಚ್ಚಳ ಯಾಕೆ ಹಾಕಿದೆ ಎಂದು ಕೇಳುತ್ತಾಳೆ. ಕೇಳಲಿ, ಕೇಳಲೆಂದೇ ಬದುಕಿಸಿದ್ದು.

ಸಿಮೆಂಟಿನ ಮಾತು ಬೇರೆ. ಅದನ್ನು ನಾನು ಸಭೆಯಲ್ಲಿ ನೋಡಿಕೊಳ್ಳುತ್ತೇನೆ.

ನಾನು ಯೋಜನೆ ಓದಿಲ್ಲ ಎಂದು ಬರೆದಿದ್ದೀಯ. ನಿನ್ನೆ ಕಚೇರಿಗೆ ಬಂದಿದ್ದೆ. ನೀನು ಯಾವುದೋ ಚರಂಡಿಯೊಳಗಿದ್ದೆಯಂತೆ. ಗುಮಾಸ್ತ ಹಳೆಯ ಅಭ್ಯಾಸಕ್ಕೆ ಎದ್ದು ನಿಂತ, ಆಮೇಲೆ ಈಗಿನವರು ನೋಡಿದರೆಂದು ಕೂತ. ಓದುವ ಮೇಜಿನ ಮೇಲೆ ನಿನ್ನ ಯೋಜನೆಯನ್ನು ಹರಡಿಕೊಂಡು ಮೊದಲಿಂದ ಕೊನೆತನಕ ಓದಿದೆ. ಆಟದ ಬಯಲಿನ ವಿಚಾರ ಚೆನ್ನಾಗಿದೆ. ಬಚ್ಚಲು ನೀರನ್ನು ಬಿಡಿಸಿದರೆ ತೆರೆದ ಕಾಲುವೆಯಲ್ಲಿ ಮಳೆನೀರು ಮಾತ್ರ ಇರುತ್ತದೆ, ನಿಲ್ಲದಿದ್ದರೆ ಸೊಳ್ಳೆಯೂ ಹುಟ್ಟುವುದಿಲ್ಲ ಎಂದು ಬರೆದಿದ್ದೀಯ. ನಿಲ್ಲದಿದ್ದರೆ. ಆ ಮಾತನ್ನು ನೆನಪಿಟ್ಟುಕೊಂಡೇ ನಿನ್ನ ನಕ್ಷೆಯ ಮಡಿಕೆ ಬಿಚ್ಚಿದೆ.

ನಾನು ನಿನಗಿಂತ ಹೆಚ್ಚು ನಕ್ಷೆ ನೋಡಿದವಳು. ನಿನ್ನ ನಕ್ಷೆಯಲ್ಲಿ ದೊಡ್ಡ ಕಾಲುವೆ ಗುಡ್ಡದ ಬುಡದಿಂದ ದಾರದ ಹಾಗೆ ನೆಟ್ಟಗೆ ಬಂದು, ಸರಿಯಾಗಿ ನನ್ನ ಮನೆಯ ಮುಂದೆ ಬೀದಿಗೆ ಇಳಿದು, ಜಗಲಿಯನ್ನು ಸುತ್ತುಹಾಕಿ, ಮತ್ತೆ ತನ್ನ ಜಾಗಕ್ಕೆ ಹತ್ತುತ್ತದೆ. ಇಡೀ ಊರಿನಲ್ಲಿ ಅದಕ್ಕೆ ಅದೊಂದೇ ತಿರುವು. ಅಲ್ಲಿ ಕಸ ಸಿಕ್ಕಿಕೊಳ್ಳುತ್ತದೆ, ನೀರು ನಿಲ್ಲುತ್ತದೆ, ಹಿಂದಕ್ಕೆ ಒತ್ತುತ್ತದೆ, ಬೀದಿಗೆ ಉಕ್ಕಿ ಕೆಳಗಿನ ಓಣಿಗೆ ನುಗ್ಗುತ್ತದೆ. ಟೈಲರ್ ಗೋಡೆಯ ಮೇಲೆ ಇನ್ನೊಂದು ಗೆರೆ ಎಳೆಯುತ್ತಾನೆ, ಆ ಗೆರೆ ನಿನ್ನದು. ತಾಂತ್ರಿಕ ಕಾರಣವಂತೆ! ಪೆನ್ಸಿಲಿಗೆ ನೆಂಟರಿಲ್ಲವಂತೆ! ದೀಪದ ಬುಡದಲ್ಲಿ ಕತ್ತಲು ಎಂದು ಸುಮ್ಮನೆ ಹೇಳಿಲ್ಲ.

ಯಾಕೆ ಮಾಡಿದೆ ಎಂದು ನನಗೆ ಗೊತ್ತು. ನಿನ್ನ ಅಪ್ಪ ಆ ಜಗಲಿಯಲ್ಲಿ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಂಟೆ ನೋಡುವುದನ್ನು ಹೇಳಿಕೊಟ್ಟರು. ಒಳಗೆ ಬೆಳಕು ಸಾಲದು ಎಂದರು ಅಂತ ಊರಿನ ಚಪ್ಪಡಿಯ ಮೇಲೆ ಜಗಲಿ ಕಟ್ಟಿಸಿಕೊಂಡವಳು ನಾನು. ಅಧ್ಯಕ್ಷಳ ಮನೆ, ಯಾರು ಕೇಳುತ್ತಾರೆ? ಕೇಳಬೇಕಾದವಳು ಈಗ ಬಂದಿದ್ದಾಳೆ. ಬಂದವಳು ಬಳಸಿಕೊಂಡು ಹೋಗುತ್ತಿದ್ದಾಳೆ. ನನಗೆ ಸಿಟ್ಟು ಬಂದದ್ದು 'ಮಾಜಿ' ಎಂದದ್ದಕ್ಕಲ್ಲ ಮೊಂಡಿ, ಅದಕ್ಕೆ ಬಂದದ್ದು ನಿನ್ನೆಯೇ ಇಳಿಯಿತು. ಈ ತಿರುವು ನೋಡಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಡಾಕ್ಟರ ಶೆಡ್ಡು ಒಡೆದು ನನ್ನ ಜಗಲಿ ಉಳಿಸಿದರೆ ನಾಳೆ ಊರವರು ಅದನ್ನು ಅಧ್ಯಕ್ಷಮ್ಮನ ತಿರುವು ಎಂದು ಕರೆಯುತ್ತಾರೆ. ನಾನು ದಾರಿ ಮಾಡಿದವಳು ಎಂದು ಹೆಸರಿದ್ದರೆ ಸಾಕು, ಡೊಂಕು ಮಾಡಿಸಿದವಳು ಎಂದು ಬೇಡ.

ಗುರುವಾರ ನಾನು ನಿನ್ನ ವಿರುದ್ಧ ಮಾತಾಡುತ್ತೇನೆ. ಬಾಯಿ ಒಣಗುವ ತನಕ ಮಾತಾಡುತ್ತೇನೆ. ತೆರೆದರೆ ವರ್ಷವರ್ಷ ಯಾರು ಹೂಳೆತ್ತುತ್ತಾರೆ, ಮಕ್ಕಳು ಬೀಳದ ಹಾಗೆ ಕಟಾಂಜನ ಎಲ್ಲಿ ಎಂದು ಕೇಳುತ್ತೇನೆ. ನಿಂತು ಉತ್ತರ ಕೊಡು, ಅಳುಮುಖ ಮಾಡಬೇಡ. ಕೊನೆಗೆ ಕೈ ಎತ್ತುವ ಹೊತ್ತಿಗೆ ಗೋಡೆಯ ಮೇಲಿನ ನಕ್ಷೆ ನೋಡುತ್ತೇನೆ. ಗೆರೆ ನೆಟ್ಟಗಿದ್ದರೆ ನನ್ನ ಕೈ ಏಳುತ್ತದೆ. ಡೊಂಕಾಗಿದ್ದರೆ ಏಳುವುದಿಲ್ಲ, ನಿನ್ನ ಕೆಲಸ ಹೋದರೂ ಸರಿ. ನಕ್ಷೆಯ ಮೂಲೆಗೆ ಈ ಸಲ ಒಳ್ಳೆಯ ಅಂಟು ಹಚ್ಚು.

ಇಂತು,
ಮಾಜಿ

ತಾ.ಕ.: ಅಪ್ಪನ ಮೇಜನ್ನು ಬೆಳಿಗ್ಗೆ ನಡುಮನೆಗೆ ಸಾಗಿಸಿದ್ದಾಯಿತು. ಹೇಳಿ ಕಳಿಸಿದೆ, ಟೇಪು ಟೈಲರ್ ತನ್ನ ಅಳಿಯಂದಿರನ್ನು ಕರೆದುಕೊಂಡು ಬಂದ. ಬಾಗಿಲಿನಲ್ಲಿ ಹಿಡಿಸುವುದಿಲ್ಲ ಎಂದರು, ಅವನೇ ಕೊರಳ ಟೇಪು ತೆಗೆದು ಅಳೆದು, ಅಡ್ಡ ಮಾಡಿಸಿ ಒಳಗೆ ತಂದ. ಕಿಟಕಿಯ ಹತ್ತಿರ ಹಾಕಿಸಿದ್ದೇನೆ, ಬೆಳಕಿಗೆ ತೊಂದರೆಯಿಲ್ಲ. ಜಗಲಿ ಬರಿದಾಗಿದೆ. ಒಡೆಯುವ ದಿನ ಮೊದಲ ಹಾರೆಯನ್ನು ಆಳುಗಳ ಕೈಗೆ ಕೊಡಬೇಡ, ನೀನೇ ಹಾಕು. ಆವತ್ತು ಕುರ್ಚಿ ಹಾಕಿ ಎಂದು ಕೂಗುವುದಿಲ್ಲ. ಕೈಕಾಲು ತೊಳೆದುಕೊಂಡು ಒಳಗೆ ಬಂದು ಉಂಡು ಹೋಗು.