ಹಗುರ ಗುಂಡು, ಭಾರದ ಗುಂಡು

ಏಪ್ರಿಲ್ 11, ಬೆಳಿಗ್ಗೆ

ಮತ್ತೆ ಐದು ಗುಂಡು. ನೂರು ಗಜದಾಚೆ ರಟ್ಟಿನ ಡಬ್ಬ. ತೂತುಗಳು ಊಟದ ತಟ್ಟೆಯಷ್ಟು ಅಗಲಕ್ಕೆ ಚೆದುರಿವೆ. ನನ್ನ ಗಂಡ ವರ್ಲ್‌ನ 22-250 ರೈಫಲ್ ಮುಗಿದಂತೆಯೇ. ಇಪ್ಪತ್ತು ವರ್ಷ ಗುಂಡು ಹಾರಿದ ಬಿಸಿಗೆ ನಳಿಗೆ ಒಳಗೊಳಗೇ ಸವೆದಿದೆ. ಅವನು ಒಪ್ಪುವುದಿಲ್ಲ. ಲಕ್ವ ಹೊಡೆದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಿಂದ ನೋಡುತ್ತಿದ್ದ.

"ರೈಫಲ್ ಚೆನ್ನಾಗೇ ಇದೆ. ಕೆಟ್ಟಿರೋದು ನಿನ್ನ ಹೆಗಲು."

ಮೇ ಐದರಿಂದ ಕುರಿಗಳು ಈಯುತ್ತವೆ. ಹೋದ ವರ್ಷ ಒಂದೇ ಜೋಡಿ ಕಯೋಟಿ, ಈ ಬಯಲಿನ ಸಣ್ಣ ತೋಳಗಳು, ಮೂವತ್ತೊಂದು ಮರಿ ಕೊಂದವು. ತಿಂದದ್ದು ಅರ್ಧ, ಉಳಿದವು ಕತ್ತು ಸೀಳಿಸಿಕೊಂಡು ಸೇಜ್ ಪೊದೆಗಳ ನಡುವೆ ಬಿದ್ದಿದ್ದವು. ನೊಣ ಮುಸುರಿದ ಆ ಬಾಯಿಗಳು. ಈ ಸಲ ಮರಿ ಹುಟ್ಟುವ ಮೊದಲೇ ಜೋಡಿ ಹೋಗಬೇಕು. ಗುರಿ ಇಡಬೇಕಾದವಳು ನಾನು.

ಏಪ್ರಿಲ್ 13

ರಾಲಿನ್ಸ್‌ಗೆ ಹೋಗಿದ್ದೆ, ಡ್ವೈಟ್‌ನ ಬಂದೂಕಿನ ಅಂಗಡಿಗೆ. ಕಾಫಿ ಪಾತ್ರೆಯ ಸುತ್ತ ಅದೇ ಮೂವರು ಗಂಡಸರು. ಕೇಳದೆಯೇ ಸಲಹೆ.

"223 ರೈಫಲ್ ತಗೋ ಮಾರ್ಲಿಸ್. ಹೆಂಗಸರ ಹೆಗಲಿಗೆ ಒದೆಯಲ್ಲ."

"ವಯೋಮಿಂಗ್ ಗಾಳೀಲಿ 223ನಾ? ಇಲ್ಲಿ ಹೊಡೆದ್ರೆ ಪಕ್ಕದ ನೆಬ್ರಾಸ್ಕಾದಲ್ಲಿ ಬೀಳ್ತದೆ."

"ಹಾಗಂತ 243 ತಗೊಂಡ್ರೆ ತೊಗಲು ಚಿಂದಿ. ಮುಷ್ಟಿ ತೂರಿಸಬಹುದು."

ಏಪ್ರಿಲ್‌ನಲ್ಲಿ ಕಯೋಟಿಯ ಕೂದಲು ಉದುರಿರುತ್ತದೆ. ತೊಗಲನ್ನು ಯಾರೂ ಮುಟ್ಟುವುದಿಲ್ಲ. ಯಾರಿಗೂ ಬೇಡದ ತೊಗಲಿನ ತೂತಿನ ಬಗ್ಗೆ ಅರ್ಧ ಗಂಟೆ ಜಗಳ. ಒಬ್ಬ ಫೋನ್ ಹಿಡಿದು ಫೋಟೊ ತೋರಿಸಿದ — ದವಡೆಯಿಲ್ಲದ ಕಯೋಟಿ, ಪಕ್ಕದಲ್ಲಿ ಹಲ್ಲು ಬಿಟ್ಟುಕೊಂಡು ಇವನು. ಕಾಫಿ ಅರ್ಧಕ್ಕೇ ಕೆಳಗಿಟ್ಟೆ.

ಕೇಳಬೇಕಾದದ್ದನ್ನು ಕೇಳಿದವನು ಡ್ವೈಟ್ ಒಬ್ಬನೇ. "ಎಷ್ಟು ದೂರದಿಂದ ಹೊಡೀತೀರಿ? ಅದರ ಹಿಂದೆ ಏನಿರ್ತದೆ?"

"ಇನ್ನೂರು ಗಜ, ಕೆಲವೊಮ್ಮೆ ಮುನ್ನೂರು. ಹಿಂದೆ ಕುರಿ."

"ಹಾಗಾದ್ರೆ ಗಾಳಿಗೆ 243 ಆಗ್ತದೆ. ಆದ್ರೆ ಗುಂಡು ಐವತ್ತೆಂಟು ಗ್ರೇನ್ ತೂಕದ್ದು, ಹಗುರದ್ದು. ಒಳಗೆ ಹೋಗಿ ಅಲ್ಲೇ ಪುಡಿಯಾಗ್ತದೆ. ನೂರು ಗ್ರೇನಿಂದು ಜಿಂಕೆಗೆ ಮಾಡಿದ್ದು. ಕಯೋಟಿನ ದಾಟಿಕೊಂಡು ಹೋಗ್ತಾನೇ ಇರ್ತದೆ. ಕುರಿ ಇರೋ ಕಡೆ ಬೇಡ."

243 ತೆಗೆದುಕೊಂಡೆ. ಹಗುರ ಗುಂಡು ಎರಡು ಪೆಟ್ಟಿಗೆ.

ಏಪ್ರಿಲ್ 14

ವರ್ಲ್ ಪೆಟ್ಟಿಗೆಯನ್ನು ಎಡಗೈಯಲ್ಲಿ ತೂಗಿ ನೋಡಿ ಮೇಜಿನ ಮೇಲೆ ಬಿಟ್ಟ.

"ಇಲಿ ಹೊಡಿಯೋಕಾ? ಡ್ರಾಯರ್‌ನಲ್ಲಿ ನೂರು ಗ್ರೇನಿಂದು ಮೂರು ಪೆಟ್ಟಿಗೆ ಕೊಳೀತಾ ಇದೆ, ತಮ್ಮನಿಗೆ ಕೊಟ್ಟ ಹಳೇ 243 ರೈಫಲಿಂದು. ಮೊದಲು ಅದನ್ನ ಮುಗಿಸು."

"ಡ್ವೈಟ್ ಹೇಳಿದ್ದು —"

"ಡ್ವೈಟ್ ಮಾರೋದಕ್ಕೆ ಹೇಳ್ತಾನೆ. ನಾನು ನಲವತ್ತು ವರ್ಷ ಹೊಡೆದವನು."

ಲಕ್ವ ಹೊಡೆದ ಮೇಲೆ ಅವನಿಗೆ ಉಳಿದಿರುವುದು ಇಂಥ ಮಾತು ಮಾತ್ರ ಎಂದು ಡ್ರಾಯರ್ ಎಳೆದೆ. ಕರುಣೆ ಎಂದುಕೊಂಡೆ. ಅದು ಸೋಮಾರಿತನ.

ಭಾರದ ಗುಂಡಿಗೇ ರೈಫಲಿನ ದುರ್ಬೀನು ಹೊಂದಿಸಿದೆ. ಮೂರು ತೂತು, ಜಾಮ್ ಬಾಟಲಿಯ ಮುಚ್ಚಳದೊಳಗೆ. ಖುಷಿಯಾಯಿತು. ಅದನ್ನೂ ಬರೆದಿಡಬೇಕು.

ಏಪ್ರಿಲ್ 27, ಮಧ್ಯಾಹ್ನ 1

ಕೈ ಮೂರು ಸಲ ತೊಳೆದೆ.

ನಿನ್ನೆ ಇಡೀ ದಿನ ಹಿಮ. ಬೆಳಿಗ್ಗೆ ಏಳಕ್ಕೆ ಕುರಿ ಮಲಗುವ ದಿಬ್ಬಕ್ಕೆ ಹೋದೆ. ಎಲ್ಯೂಟೇರಿಯೊ ನೀರಿನ ಟ್ಯಾಂಕ್ ಎಳೆದುಕೊಂಡು ಹೋಗಿದ್ದ. ಪೆರುವಿನಿಂದ ಬಂದು ಮೂರು ವರ್ಷದಿಂದ ನಮ್ಮ ಮಂದೆ ಕಾಯುತ್ತಿರುವವನು. ಕಯೋಟಿ ಅಡ್ಡವಾಗಿ ನಿಂತಿತ್ತು. ಇನ್ನೂರು ಗಜ. ಗಾಳಿ ಇಲ್ಲ. ಎಲ್ಲ ಸರಿಯಾಗಿತ್ತು. ಹೊಡೆದೆ. ನಿಂತಲ್ಲೇ ಕುಸಿಯಿತು.

ಅದರ ಹಿಂದೆ ನಲವತ್ತು ಹೆಜ್ಜೆಯಲ್ಲಿ ಹಿಮವೇ ಎದ್ದು ನಿಂತು, ಮತ್ತೆ ಕುಳಿತಿತು.

ಡೂಕೆ. ಮಂದೆ ಕಾಯುವ ಬಿಳಿ ನಾಯಿ. ಬಿಳಿಯ ಮೇಲೆ ಬಿಳಿ, ಕಾಣಲೇ ಇಲ್ಲ. ಕಯೋಟಿಯನ್ನು ದಾಟಿದ ಗುಂಡು ಹೊಟ್ಟೆಗೆ ಬಿದ್ದಿತ್ತು. ಹತ್ತಿರ ಹೋದಾಗ ನನ್ನ ಕೈ ಮೂಸಿತು, ಬಾಲ ಆಡಿಸಿತು. ಇನ್ನೊಂದು ಗುಂಡು ನಾನೇ ಹಾಕಬೇಕಾಯಿತು.

ಅದೇ ದಿನ, ಸಂಜೆ 4

ವರ್ಲ್ ಒಂದು ನಿಮಿಷವೂ ಯೋಚಿಸಲಿಲ್ಲ. "ಎಲ್ಯೂಟೇರಿಯೊಗೆ ಕಯೋಟಿಗಳು ಹರಿದು ಹಾಕಿದವು ಅನ್ನು. ಆ ನಾಯಿ ಮರಿ ಇದ್ದಾಗಿಂದ ಅವನ ಹಾಸಿಗೇಲೇ ಮಲಗಿದ್ದು. ನಿಜ ಹೇಳಿದ್ರೆ ಎದ್ದು ಹೋಗ್ತಾನೆ. ಆಮೇಲೆ ಒಂಬೈನೂರು ಕುರಿ ನೀನೊಬ್ಬಳೇ ಈಯಿಸ್ತೀಯಾ?"

ನಾಯಿಯನ್ನು ಕೊರಕಲಿಗೆ ಎಳೆದು ಕಲ್ಲು ಮುಚ್ಚಿದೆ. ಎಲ್ಯೂಟೇರಿಯೊಗೆ ಹಾಗೇ ಹೇಳಿದೆ. "ನೋಡುವ ಹಾಗಿರಲಿಲ್ಲ, ಅದಕ್ಕೇ ಮುಚ್ಚಿಬಿಟ್ಟೆ" ಎಂದೂ ಸೇರಿಸಿದೆ. ಅದು ವರ್ಲ್ ಹೇಳಿಕೊಟ್ಟದ್ದಲ್ಲ. ನನ್ನದೇ.

ಏಪ್ರಿಲ್ 28

ಸತ್ತ ಕಯೋಟಿಯನ್ನು ರಸ್ತೆ ಬದಿಯ ಬೇಲಿಗೆ ನೇತುಹಾಕಿಸಿದ ವರ್ಲ್. ಇಲ್ಲಿನ ಪದ್ಧತಿ, ಅಕ್ಕಪಕ್ಕದವರು ನೋಡಲಿ ಎಂದು. ಹಿಂಗಾಲಿಗೆ ತಂತಿ ಸುತ್ತುವಾಗ ಮೂಗಿನಿಂದ ರಕ್ತ ತೊಟ್ಟಿಕ್ಕಿ ನನ್ನ ಬೂಟಿನ ಮೇಲೆ ಬಿತ್ತು. ಪಿಕಪ್‌ಗಳು ಹಾರ್ನ್ ಹೊಡೆಯುತ್ತ ಹೋಗುತ್ತವೆ. ಒಬ್ಬ ನಿಲ್ಲಿಸಿ ಕಿಟಕಿ ಇಳಿಸಿದ.

"ಒಂದೇ ಏಟಂತೆ? ವರ್ಲ್‌ಗಿಂತ ನೀನೇ ವಾಸಿ ಬಿಡು."

ಕೈ ಬೀಸಿದೆ. ನಕ್ಕೆ ಕೂಡ.

ಮೇ 2

ಎಲ್ಯೂಟೇರಿಯೊ ವಾಸಿಸುವ ಬಂಡಿಗೆ ಸಾಮಾನು ಒಯ್ದೆ. ಕಳೆದ ವಾರದ ಬ್ರೆಡ್ ಹಾಗೇ ಇದೆ, ಬೂಸ್ಟು ಹಿಡಿದು. ಅವನ ಮುಖ ಇಳಿದುಹೋಗಿದೆ. ಐದು ದಿನದಿಂದ, ಜೋಡಿಯಲ್ಲಿ ಉಳಿದ ಕಯೋಟಿಯ ಹೆಜ್ಜೆ ಹಿಡಿದು ಕಾಲ್ನಡಿಗೆಯಲ್ಲಿ ಅಲೆಯುತ್ತಿದ್ದಾನಂತೆ.

"ನಾನು ನೀರಿಗೆ ಹೋಗಬಾರದಿತ್ತು, ಪತ್ರೋನ." ಯಜಮಾನಿಯನ್ನು ಅವನು ಕರೆಯುವುದು ಹಾಗೆ. "ಟ್ಯಾಂಕ್‌ನಲ್ಲಿ ಇನ್ನೂ ಒಂದು ದಿನದ್ದು ಇತ್ತು. ಸಂಜೆ ಹೋಗಬಹುದಿತ್ತು. ಡೂಕೆ ನನ್ನ ಕರೆದಿರ್ತಾನೆ. ಕೂಗಿದ್ನಾ? ನಿಮಗೆ ಕೇಳಿಸ್ತಾ?"

"ಇಲ್ಲ" ಎಂದೆ. ಆ ಮಾತೊಂದು ನಿಜ.

"ಆ ಹೊಸ ರೈಫಲ್ ನನಗೆ ಕೊಡ್ತೀರಾ? ಎರಡು ದಿನ ಸಾಕು."

ಕೊಡಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದ.

"ಹಾಗಾದ್ರೆ ಡೂಕೆ ಎಲ್ಲಿದಾನೆ ತೋರಿಸಿ. ಕತ್ತಿನ ಪಟ್ಟಿ ನನ್ನ ಅಮ್ಮ ನೇಯ್ದದ್ದು. ಬೇಕು ನನಗೆ. ನೋಡೋ ಹಾಗಿಲ್ದಿದ್ರೂ ಪರವಾಗಿಲ್ಲ. ನಾನು ಕುರಿಯವನು, ಹರಿದದ್ದು ಎಷ್ಟೋ ನೋಡಿದೀನಿ."

ಬೆಳಿಗ್ಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಬಾಯಿಂದ ಬಂದುಬಿಟ್ಟಿತು.

ಮೇ 3, ಬೆಳಿಗ್ಗೆ 6.40

ವರ್ಲ್‌ಗೆ ಹೇಳಿದೆ. ಮೊಟ್ಟೆ ಅಗಿಯುತ್ತಲೇ ಇದ್ದ.

"ಕೊರಕಲಲ್ಲಿ ನೀರು ಬಂದು ಕೊಚ್ಚಿಹೋಯ್ತು ಅನ್ನು."

"ಆಗಲ್ಲ."

"ನಾಡಿದ್ದು ಈಯೋಕೆ ಶುರು ಮಾಡ್ತವೆ ಮಾರ್ಲಿಸ್. ನಾಡಿದ್ದು. ತಿಂಗಳು ಕಳೀಲಿ, ಆಮೇಲೆ ಹೇಳು."

ಒಂದು ತಿಂಗಳು ಎಲ್ಯೂಟೇರಿಯೊ ತನ್ನನ್ನೇ ಬೈದುಕೊಳ್ಳಲಿ, ನಮ್ಮ ಮರಿಗಳು ಬದುಕಲಿ. ಲೆಕ್ಕ ಸರಿಯಾಗಿಯೇ ಇದೆ. ಇದೇ ಲೆಕ್ಕ ನಾನೂ ಐದು ದಿನ ಹಾಕಿದೆ. ಗಂಡನ ಗಲ್ಲದ ಮೇಲೆ ಮೊಟ್ಟೆಯ ಹಳದಿ ಅಂಟಿತ್ತು. ದಿನಾ ಒರೆಸುತ್ತಿದ್ದೆ, ಇವತ್ತು ಒರೆಸಲಿಲ್ಲ.

ಅಂಗಳದಲ್ಲಿ ಕುದುರೆ ಬಂದು ನಿಂತಿದೆ. ಎಲ್ಯೂಟೇರಿಯೊ ಇಳಿಯದೆ ಕಾಯುತ್ತಿದ್ದಾನೆ. ತಡಿಗೆ ಸನಿಕೆ ಕಟ್ಟಿದ್ದಾನೆ.

ಕಲ್ಲು ಎತ್ತಿದರೆ ಅವನಿಗೇ ಕಾಣುತ್ತದೆ. ತೂತು ಎರಡು, ಒಂದು ಹಣೆಯಲ್ಲಿ. ಅಲ್ಲಿಯ ತನಕ ಬಾಯಿ ಮುಚ್ಚಿಕೊಂಡು ಸವಾರಿ ಮಾಡುವುದು ನನ್ನಿಂದಾಗದು. ಇಲ್ಲೇ, ಅಂಗಳದಲ್ಲೇ ಹೇಳಬೇಕು. ಅವನು ಇದನ್ನು ನಮ್ಮ ಇಂಗ್ಲಿಷಿನಲ್ಲಲ್ಲ, ತನ್ನ ಸ್ಪ್ಯಾನಿಷ್‌ನಲ್ಲೇ ಕೇಳಬೇಕು, ಅರ್ಥವಾಗಲಿಲ್ಲ ಎಂದುಕೊಳ್ಳಲು ಎಡೆ ಇರಬಾರದು. ನನಗೆ ಬರುವ ಸ್ಪ್ಯಾನಿಷ್ ಇಷ್ಟೇ: ಕುರಿ, ನೀರು, ನಾಳೆ, ಎಷ್ಟು. ಕೊಲ್ಲುವುದಕ್ಕೂ ಒಂದು ಪದ ಗೊತ್ತು. 'ನಾನು' ಎನ್ನುವುದೂ.

ಸಾಕು ಅಷ್ಟು. ಮೊದಲು ಟೋಪಿ ತೆಗೆದು, ಕುದುರೆಯ ಹತ್ತಿರ ಹೋಗಿ, ಅವನ ಮುಖ ನೋಡಿಕೊಂಡು, ಡೂಕೆಯ ಹೆಸರೂ ಸೇರಿಸಿ ಆ ಎರಡು ಪದ ಹೇಳುತ್ತೇನೆ.